ನೀರಿನ ಮೇಲಿನ ಪಡಸಾಲೆ

ನಮ್ಮೂರಿಗೆ ಮೊದಲ ಸಲ ಬಂದವರಿಗೆ ಕಾಣುವುದು ಬರೀ ಬಯಲು. ಬಸ್ಸಿನಿಂದ ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು ಸುತ್ತ ನೋಡುತ್ತಾರೆ. ನಾಲ್ಕು ಚಹಾದ ಅಂಗಡಿ, ಒಂದು ಪೆಟ್ರೋಲ್ ಬಂಕು, ಹೊಸ ಮನೆಗಳ ಎರಡು ಸಾಲು, ಅದರಾಚೆ ಜಾಲಿ ಬೆಳೆದ ಖಾಲಿ ನೆಲ. ಇಷ್ಟಕ್ಕೆ ಆರು ತಾಸು ಕೂತು ಬಂದೆವಾ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಗ ನಮ್ಮವರು ಯಾರಾದರೂ ಪಕ್ಕದಲ್ಲಿ ನಿಂತು ಹೇಳಬೇಕು. ಕೋಟೆಯ ಪಾಯ ಹೇಳಿದರೆ ಪಾಯ ಕಾಣುತ್ತದೆ. ಗೋಡೆ ಹೇಳಿದರೆ ಗೋಡೆ ಏಳುತ್ತದೆ. ಬಾಗಿಲು ಹೇಳಿದರೆ ಬಾಗಿಲು ಬರುತ್ತದೆ, ಮರೆತರೆ ಬಂದವರು ಗೋಡೆಯ ಮುಂದೆ ನಿಂತು ಒಳಗೆ ಹೋಗುವುದು ಹೇಗೆ ಎಂದು ಕೇಳುತ್ತಾರೆ. ಒಮ್ಮೆ ಕಂಡದ್ದು ಹೊತ್ತು ಮುಳುಗುವ ತನಕ ಇರುತ್ತದೆ. ಕೈಯಿಟ್ಟರೆ ಕಲ್ಲು ತಣ್ಣಗಿರುತ್ತದೆ, ಮೆಟ್ಟಿಲು ಏರಬಹುದು, ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಬಹುದು. ಮರುದಿನ ಮತ್ತೆ ಪಾಯದಿಂದ ಶುರು.

ಇಲ್ಲೇ ಹುಟ್ಟಿದ ನಮಗೆ ಯಾರೂ ಹೇಳಬೇಕಾಗಿಲ್ಲ. ಕೋಟೆ, ಮಹಲು, ಬುರುಜು, ಏಳು ಹಂತ ಇಳಿದರೆ ನೀರು ಸಿಗುವ ಬಾವಡಿ ಎಲ್ಲವೂ ನಮ್ಮ ಕಣ್ಣಿಗೆ ಇದ್ದೇ ಇವೆ. ಮಹಲಿನ ಅಂಗಳದಲ್ಲಿ ಹಿರಿಯರು ದಿನಾ ಚಾಪೆ ಹಾಸಿ ಕೂಡುತ್ತಾರೆ. ಪುರಸಭೆಗೆ ಕಡಲ ಕಡೆಯಿಂದ ವರ್ಗವಾಗಿ ಬಂದ ಲೋಬೊ ಸಾಹೇಬರು ಆ ಅಂಗಳದ ನಡುವೆಯೇ ಸ್ಕೂಟರ್ ಓಡಿಸಿಕೊಂಡು ಆಫೀಸಿಗೆ ಹೋಗುತ್ತಿದ್ದರು. ಅವರ ಪಾಲಿಗೆ ಅದು ಬಯಲು. ಒಂದು ಗೋಡೆಯಿಂದ ಒಳಗೆ ಬಂದು ಇನ್ನೊಂದು ಗೋಡೆಯಿಂದ ಹೊರಗೆ ಹೋಗುತ್ತಿದ್ದರು. ಸ್ಕೂಟರಿನ ಸದ್ದು ಕೇಳಿದೊಡನೆ ಹಿರಿಯರು ಚಾಪೆ ಎತ್ತಿ, ಅವರು ದಾಟಿದ ಮೇಲೆ ಮತ್ತೆ ಹಾಸುತ್ತಿದ್ದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಕಾಣದವರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ?

ನನ್ನ ಹೆಸರು ಸಾವಂತ್ರೆವ್ವ. ಮೂವತ್ತೊಂದು ವರ್ಷ ಬಾವಡಿಯ ಬಾಯಲ್ಲಿ ಕೂತು ಬಂದವರ ಚಪ್ಪಲಿ ಕಾದವಳು. ನನ್ನ ಶಾಲೆ ಮೂರನೇ ಇಯತ್ತೆಗೆ ಮುಗಿಯಿತು. ಆದರೆ ಎಂಟು ಮಂದಿ ಹಳೆಯ ಗೈಡುಗಳು ಹೇಳುವುದನ್ನು ದಿನಾ ಕೇಳಿದ್ದೇನೆ. ಯಾರು ಚೆನ್ನಾಗಿ ಹೇಳಿದರು ಎಂಬುದು ನನಗೆ ಅವರ ಮಾತಿನಿಂದ ತಿಳಿಯುತ್ತಿರಲಿಲ್ಲ, ಚಪ್ಪಲಿಗೆ ತಿರುಗಿ ಬಂದವರಿಂದ ತಿಳಿಯುತ್ತಿತ್ತು. ಬೇಗ ಬಂದು, ತಮ್ಮ ಜೋಡು ಥಟ್ಟನೆ ಗುರುತಿಸಿ ಹೊರಟವರಿಗೆ ಒಳಗೆ ಏನೂ ಕಂಡಿಲ್ಲ. ಬೇರೆಯವರ ಚಪ್ಪಲಿಗೆ ಕಾಲು ತೂರಿಸಿ ‘ಅಯ್ಯೋ, ಇದು ನಂದಲ್ಲ’ ಎಂದು ನಗುವವರಿಗೆ ಪೂರ್ತಿ ಕಂಡಿದೆ.

ಆ ಎಂಟು ಮಂದಿಯಲ್ಲಿ ಈಗ ಉಳಿದವರು ದೇಸಾಯಿ ಮಾಸ್ತರರೊಬ್ಬರೇ. ಚಳಿಗಾಲದಲ್ಲಿ ದಿನಕ್ಕೆ ಎರಡು ಬಸ್ಸು ತುಂಬ ಜನ ಬರುತ್ತಾರೆ. ಎಪ್ಪತ್ತು ದಾಟಿದ ಒಂದು ಗಂಟಲು ಎಷ್ಟು ಕೋಟೆ ಎಬ್ಬಿಸೀತು? ಆರು ಜನ ಹುಡುಗ ಹುಡುಗಿಯರನ್ನು ತಯಾರು ಮಾಡಿ, ಹಿತ್ತಾಳೆ ಬಿಲ್ಲೆ ಕೊಟ್ಟು ಗೈಡು ಮಾಡಬೇಕೆಂದು ಪುರಸಭೆ ಠರಾವು ಮಾಡಿತು. ಕಲಿಸಲು ಮಾಸ್ತರರನ್ನು ಕೇಳಿದರೆ, ‘ಇದು ಕಲಿಸಿದ್ರ ಬರೂದಲ್ಲ. ಪರೀಕ್ಷಾ ಬೇಕಾದ್ರ ನಾ ತಗೋತೀನಿ’ ಎಂದರು. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಐದು ಜನ ಬಂದರು. ಅವರಲ್ಲಿ ಬಾಯಿ ಜೋರು ಮಲಿಕಜಾನನದು. ಬಸ್‌ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯವರ ಮಗ, ಇಪ್ಪತ್ತರ ಹುಡುಗ. ಪಂಕ್ಚರ್ ಹಾಕಿಸಲು ಬಂದ ಲಾರಿಯವರನ್ನು ಮಾತಿನಲ್ಲಿ ಅರ್ಧ ತಾಸು ಕಟ್ಟಿಹಾಕಿ ಅಭ್ಯಾಸವಿದ್ದವನು. ನಾನು ಅವರಿಗೆ ಮೊದಲು ಹೇಳಿಕೊಟ್ಟದ್ದು ಇತಿಹಾಸವಲ್ಲ, ಅದು ನನಗೂ ಅಷ್ಟು ಗೊತ್ತಿಲ್ಲ. ಬಂದವರನ್ನು ನೆರಳಿಗೆ ನಿಲ್ಲಿಸಿ ಎಂದೆ. ನೀರು ಕುಡಿದಿರಾ ಎಂದು ಕೇಳಿ ಎಂದೆ. ಪಾಯಖಾನೆ ಎಲ್ಲಿದೆ ಎಂಬುದನ್ನು ಕೋಟೆಗಿಂತ ಮೊದಲು ತೋರಿಸಿ, ಅವಸರದಲ್ಲಿದ್ದವರಿಗೆ ಯಾವ ಮಹಲೂ ಕಾಣುವುದಿಲ್ಲ ಎಂದೆ. ಹುಡುಗಿಯರು ನಕ್ಕರು, ಆದರೆ ಬರೆದುಕೊಂಡರು. ಇನ್ನೊಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿದೆ. ನಮ್ಮೂರಲ್ಲಿ ಸುಳ್ಳು ಹೇಳಿದರೂ ಬಂದವರಿಗೆ ಕಾಣುತ್ತದೆ, ಅದಕ್ಕೇ ಇಲ್ಲದ್ದನ್ನು ಹೇಳಬಾರದು. ಹಾಗೆ ಹೇಳಿದವರಿಗೆ ಬಿಲ್ಲೆ ಇಲ್ಲ. ಇದು ಹಳೆಯ ಕಟ್ಟಳೆ.

ಎರಡೇ ದಿನದಲ್ಲಿ ನನ್ನ ಫಜೀತಿ ನನಗೆ ಗೊತ್ತಾಯಿತು. ಐವರೂ ಇಲ್ಲಿ ಹುಟ್ಟಿದವರು, ನಾನೂ ಇಲ್ಲಿಯವಳೇ. ಮಲಿಕಜಾನ ಬುರುಜಿನ ಮುಂದೆ ನಿಂತು ಕೈ ಬೀಸಿ ಹೇಳುತ್ತಾನೆ. ಹೇಳುವ ಅವನಿಗೂ ಬುರುಜು ಕಾಣುತ್ತದೆ, ಕೇಳುವ ನನಗೂ ಕಾಣುತ್ತದೆ. ಅವನ ಮಾತಿನಿಂದ ಎಷ್ಟು ಕಲ್ಲು ಎದ್ದಿತು ಎಂದು ನೋಡುವವರು ಯಾರು? ಸಾರಿನ ರುಚಿ ನೋಡದೆ ಬಡಿಸಿದ ಹಾಗಾಯಿತು.

ಮೂರನೇ ದಿನ ಒಬ್ಬ ಹೆಣ್ಣುಮಗಳು ಬಂದು ಬುರುಜಿನ ಹತ್ತಿರ ಹಿಂದೆ ಮುಂದೆ ನೋಡುತ್ತಾ ನಿಂತಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಕೈಯಲ್ಲಿ ಹಿಟ್ಟಿನ ಗಿರಣಿಯ ಡಬ್ಬಿ.

‘ಯವ್ವಾ, ನಾ ಒಂದ ಮೂಲ್ಯಾಗ ಕುಂತ ಕೇಳ್ಲೇನ್ರಿ?’

‘ಕೇಳಾಕ ಏನೈತಿ, ಕೂಡವಾ. ಯಾರ ಪೈಕಿ ನೀ?’

‘ಕೋಟಿ ಓಣಿ ಕಾಶವ್ವನ ಸೊಸಿ ರೀ. ನಾಗವೇಣಿ.’

ಕೋಟೆ ಓಣಿಯ ಮನೆಗಳೆಲ್ಲ ಹಳೆಯ ಕೋಟೆಯ ಗೋಡೆಗೆ ಅಂಟಿಕೊಂಡೇ ಇವೆ. ಅಡುಗೆಮನೆಯ ಹಿಂದಿನ ಗೋಡೆ ಎಂದರೆ ಕೋಟೆಯ ಗೋಡೆಯೇ. ಹೊರಗಿನಿಂದ ಬಂದ ಸೊಸೆಗೆ ಆ ಗೋಡೆ ಕಾಣದು. ಮದುವೆಯಾಗಿ ಬಂದ ಮರುದಿನ ಮುಂಜಾನೆ ನಾಗವೇಣಿ ಒಲೆ ಹಚ್ಚಲು ಕೂತರೆ ಎದುರಿಗೆ ಬಯಲು, ಬಯಲಲ್ಲಿ ಮೇಯುವ ಎಮ್ಮೆ. ಗಾಳಿಗೆ ಒಲೆ ಹತ್ತದು. ಆಗ ಇದೇ ಊರಲ್ಲಿ ಹುಟ್ಟಿದ ಅತ್ತೆ ಕಾಶವ್ವ ಪಕ್ಕದಲ್ಲಿ ಕೂತು ಗೋಡೆ ಹೇಳಿದಳು. ಗಾಳಿ ನಿಂತಿತು. ಅಂದಿನಿಂದ ದಿನಾ ರೊಟ್ಟಿ ಬಡಿಯುತ್ತಾ ಗೋಡೆ ಹೇಳುವಳು. ಗೋಡೆ ಮುಗಿದರೂ ಹಿಟ್ಟು ಉಳಿದಿದ್ದರೆ ಊರಿನ ಉಳಿದದ್ದನ್ನೂ ಹೇಳುವಳು. ಆದರೆ ಎದುರಿಗೆ ನಿಂತು ಹೇಳಿದ್ದು ಮಾತ್ರ ಕಾಣುತ್ತದೆ, ಅಡುಗೆಮನೆಯಲ್ಲಿ ಕೂತು ಕೇಳಿದ ಮಹಲು ಬರೀ ಮಾತಾಗಿಯೇ ಉಳಿಯುತ್ತದೆ. ಆರು ತಿಂಗಳ ಹಿಂದೆ ಕಾಶವ್ವನಿಗೆ ಲಕ್ವ ಹೊಡೆಯಿತು. ಈಗ ಓಡಾಡುತ್ತಾಳೆ, ನಗುತ್ತಾಳೆ, ಸೊಸೆಯ ಬೆನ್ನು ತಟ್ಟುತ್ತಾಳೆ. ಮಾತು ಮಾತ್ರ ಇಲ್ಲ.

‘ಗಂಡ ಹೇಳಂಗಿಲ್ಲೇನು?’ ಎಂದೆ.

‘ಅವ್ರದ ವೆಲ್ಡಿಂಗ್ ಕೆಲಸ ರೀ. ಕಣ್ಣಿಗೆ ಕನ್ನಡಕ, ಬಾಯಿಗೆ ಬೀಗ. ಮುಂಜಾನೆ ‘ಗ್ವಾಡಿ ಐತಿ’ ಅಂತಾರ, ಹೋಗ್ತಾರ. ಅಷ್ಟಕ್ಕ ಎಂಥಾ ಗ್ವಾಡಿ ಬರ್ತೈತಿ? ಸಪಾಟ ಗ್ವಾಡಿ. ಉಪ್ಪು ಇಡೂ ಗೂಡ ಬರಂಗಿಲ್ಲ. ನನ್ನ ಉಪ್ಪಿನ ಡಬ್ಬಿ ಗ್ವಾಡಿಯೊಳಗ ಸಿಕ್ಕೊಂಡ ಬಿಡ್ತೈತಿ. ಸಂಜಿ ತನಕ ಸಪ್ಪನ ಅಡಗಿ.’

ಮಲಿಕಜಾನ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ನನಗೆ ಬೇಕಾದದ್ದು ತಾನಾಗಿ ನಡೆದು ಬಂದಿತ್ತು.

ಅಂದಿನಿಂದ ನಾಗವೇಣಿ ನಾವು ಬರೆದು ನೋಡುವ ಪಾಟಿಯಾದಳು. ಹುಡುಗರು ಸರದಿಯಂತೆ ಅವಳ ಮುಂದೆ ನಿಂತು ಹೇಳುವುದು, ಅವಳು ಕಂಡದ್ದನ್ನು ಕಂಡ ಹಾಗೆ ಒಪ್ಪಿಸುವುದು. ಮೊದಲ ದಿನ ಮಲಿಕಜಾನ ಹೇಳಿ ಮುಗಿಸಿ ಎದೆ ಉಬ್ಬಿಸಿ ನಿಂತ.

‘ಏನ ಕಾಣ್ತು ಅಕ್ಕಾರ?’

‘ಮ್ಯಾಲ ಒಂದ ದೊಡ್ಡ ತೋಪ ಕಾಣಾಕತ್ತೈತಿ ತಮ್ಮಾ. ಅದರ ಕೆಳಗ ಏನೂ ಇಲ್ಲ. ಆಕಾಶದಾಗ ತೇಲಾಕತ್ತೈತಿ.’

‘ಅಯ್ಯ, ಬುರುಜು?’

‘ಬುರುಜು ನೀ ಎಲ್ಲಿ ಹೇಳಿದಿ? ತೋಪ ಎಷ್ಟ ದೂರ ಗುಂಡ ಹಾರಸ್ತಿತ್ತು ಅಂತ ಶುರು ಮಾಡಿದಿ.’

ತಪ್ಪು ಅವನೊಬ್ಬನದಲ್ಲ. ಕಣ್ಣೆದುರು ಇರುವುದನ್ನು ಯಾರಾದರೂ ಯಾಕೆ ಹೇಳುತ್ತಾರೆ? ಒಬ್ಬಳು ಮೆಟ್ಟಿಲು ಮರೆತಳು. ಇನ್ನೊಬ್ಬ ಮೆಟ್ಟಿಲು ಹೇಳಿದ, ಅಂಚಿನ ಗೋಡೆ ಮರೆತ. ನಾಗವೇಣಿ ಬುರುಜಿನ ತುದಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ‘ಗ್ವಾಡಿ ಹೇಳೋ ನಮ್ಮಪ್ಪಾ’ ಎಂದು ಕೂಗಿಕೊಂಡಳು. ಮಲಿಕಜಾನ ಒಮ್ಮೆ ಉಮೇದಿಯಲ್ಲಿ ಮಹಲಿನ ಮೇಲೆ ಬಂಗಾರದ ಕಳಸ ಇಟ್ಟ. ಅವಳು ‘ಎಷ್ಟ ಚಂದ ಹೊಳ್ಯಾಕತ್ತೈತ್ರಿ’ ಎಂದಾಗ ಅವನ ಕಿವಿ ನನ್ನ ಕೈಗೆ ಬಂತು. ಎರಡು ತಿಂಗಳಾಗುವಷ್ಟರಲ್ಲಿ ಐವರೂ ತಯಾರಾದರು. ಪಾಯದಿಂದ ಶುರು ಮಾಡಿ, ಕೇಳುವವರ ಕಾಲ ಕೆಳಗೆ ನೆಲ ಕೊಟ್ಟು, ಆಮೇಲೆ ಕಣ್ಣು ಮೇಲೆತ್ತಿಸುವುದನ್ನು ಕಲಿತರು. ಕಲಿಸಿದವಳು ನಾನು ಎಂದು ಊರು ಹೇಳಿತು. ನಿಜಕ್ಕೂ ಕಲಿಸಿದವಳು ಮೂಲೆಯಲ್ಲಿ ಕೂತವಳು.

ಪರೀಕ್ಷೆಗೆ ಒಂದು ವಾರ ಇದ್ದಾಗ ಅವಳು ಎಲ್ಲರೂ ಹೋಗುವ ತನಕ ಕಾದು ಕೇಳಿದಳು. ‘ಆರನೇ ಬಿಲ್ಲಿ ಯಾರಿಗ್ರಿ ಯವ್ವಾ?’

‘ಯಾರೂ ಬರಲಿಲ್ಲಲ್ಲ. ಪುರಸಭಾದಾಗ ಬಿದ್ದೀತು.’

‘ನಾ ಪರೀಕ್ಷಾಕ ನಿಂದರ್ಲೇನ್ರಿ?’

ಹೊರಗೆ ಹುಟ್ಟಿದವರ ಮಾತಿಗೆ ಕಲ್ಲು ಏಳುವುದಿಲ್ಲ ಎಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದದ್ದರಿಂದ ಯಾರೂ ಮಾಡಿ ನೋಡಿಲ್ಲ. ತಾನು ಹೇಳಿದ್ದು ತನಗೇ ಕಾಣುವುದೂ ಇಲ್ಲ, ಹಾಗಾಗಿ ಅವಳಿಗೂ ತಿಳಿದಿಲ್ಲ.

‘ಅತ್ತಿ ಹೇಳಿದ್ದೆಲ್ಲಾ ನನ್ನ ಹೊಟ್ಟ್ಯಾಗ ಐತ್ರಿ. ಆಕಿ ಬಾಯಿ ನಿಂತು ಹೋತು. ನನ್ನ ಬಾಯಿಂದನೂ ಬರಲಿಲ್ಲ ಅಂದ್ರ ಅದು ಅಲ್ಲೇ ಇಂಗಿ ಹೋಗ್ತೈತಿ. ಬರ್ತೈತೋ ಇಲ್ಲೋ, ಒಮ್ಮೆ ನೋಡಬೇಕ್ರಿ ನಾ.’

ಮಾಸ್ತರರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

‘ತಲಿ ಕೆಟ್ಟೈತೇನ ಸಾವಂತ್ರಿ? ತನಗ ಕಾಣದಾಕಿ ಮಂದಿಗೆ ಏನ ತೋರಸ್ತಾಳ? ಗೈಡಿಗೇ ಒಬ್ಬ ಗೈಡ ಬೇಕಾಗ್ತೈತಿ!’

‘ಅದಕ್ಕ ಮಲಿಕಜಾನ ಅದಾನ್ರಿ. ದಿನಾ ಮುಂಜಾನೆ ಆಕಿಗೆ ಹೇಳಿ ಅಂಗಡಿಗೆ ಹೋಗ್ತೀನಿ ಅಂದಾನ. ಅದಿರ್ಲಿ ಮಾಸ್ತರ, ನೀವು ಪರೀಕ್ಷಾ ಹೆಂಗ ತಗೋತೀರಿ?’

‘ಹೆಂಗಂದ್ರ? ಕೇಳಿ, ನೋಡಿ.’

‘ನಿಮಗ ಹೆಂಗೂ ಕಾಣತೈತಲ್ರಿ. ಹುಡುಗ ಬಾಯಿ ಮುಚ್ಚಿ ನಿಂತ್ರೂ ನಿಮಗ ಕೋಟಿ ಕಾಣತೈತಿ. ಪಾಸೋ ನಪಾಸೋ ಹೆಂಗ ಗೊತ್ತಾಗಬೇಕು?’

ಮಾಸ್ತರರ ಕೈಯಲ್ಲಿ ಅಡಕೊತ್ತು ನಿಂತಿತು. ನಲವತ್ತು ವರ್ಷದಲ್ಲಿ ಈ ಪ್ರಶ್ನೆ ಅವರನ್ನು ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ನಾನು ಅದೇ ಸಂದಿನಲ್ಲಿ ಮಾತು ತೂರಿಸಿ, ಪರೀಕ್ಷೆಗೆ ಕಾಣದವರೊಬ್ಬರನ್ನು ಕೂರಿಸೋಣ, ನೀವು ತಪ್ಪು ಒಪ್ಪು ನೋಡಿರಿ ಎಂದೆ. ಬಹಳ ಹೊತ್ತು ಅಡಿಕೆ ಅಗಿದು ಒಪ್ಪಿದರು. ಆದರೆ ಷರತ್ತು ಹಾಕಿದರು. ‘ಆಕಿಗೆ ಬಾವಡಿ. ಎಲ್ಲಾದಕ್ಕಿಂತ ಕಠಿಣ ಅದು. ಇಲ್ಲದ್ದು ಒಂದ ಹೇಳಿದ್ರೂ ಬಿಲ್ಲಿ ಇಲ್ಲ. ಮುಂದ ಯಾವ ಸೊಸೀನೂ ಕೇಳಬಾರದು.’

ಲೋಬೊ ಸಾಹೇಬರನ್ನು ಕೇಳಿದಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ‘ಎಂಟು ತಿಂಗಳಾಯ್ತು ಸಾವಂತ್ರಮ್ಮ, ನಾನು ಇಲ್ಲಿಯದ್ದು ಎಂತದೂ ನೋಡ್ಲಿಲ್ಲ. ಕೇಳ್ಲಿಕ್ಕೆ ನಾಚಿಕೆ. ಆಫೀಸರಾಗಿ ನಿಮ್ಮ ಕೋಟೆ ಎಲ್ಲಿ ಉಂಟು ಅಂತ ಕೇಳುದು ಹೇಗೆ ಮಾರಾಯ್ರೆ?’

ಪರೀಕ್ಷೆಯ ದಿನ ಮುಂಜಾನೆ ಎಂಟಕ್ಕೇ ಊರು ಸೇರಿತು. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಆರು ಬಿಲ್ಲೆಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದರು. ಐವರೂ ಪಾಸಾದರು. ಬುರುಜು ಎದ್ದಾಗ ಸಾಹೇಬರು ಟೋಪಿ ಹಿಡಿದುಕೊಂಡು ಕತ್ತು ಎತ್ತಿದ್ದೇ ಎತ್ತಿದ್ದು. ಮಹಲಿನ ಗೋಡೆ, ಕಂಬ, ಅಂಗಳ ಒಂದೊಂದಾಗಿ ಕಂಡ ಮೇಲೆ ಅವರ ಮುಖ ಬಿಳುಚಿತು. ‘ಅಯ್ಯೋ ದೇವರೇ, ನಾನು ದಿನಾ ಇದರ ಒಳಗೆ ಸ್ಕೂಟರ್ ಬಿಟ್ಟದ್ದಾ?’

‘ಇರ್ಲಿ ಬಿಡ್ರಿ ಸಾಹೇಬ್ರ,’ ಎಂದರು ಚಾಪೆಯ ಮೇಲಿದ್ದ ಹಿರಿಯರೊಬ್ಬರು. ‘ನಿಮ್ಮ ದೆಸಿಂದ ದಿನಾ ಚಾಪಿ ಝಾಡಸಿದಂಗ ಆತು.’

ಹನ್ನೊಂದರ ಹೊತ್ತಿಗೆ ನಾಗವೇಣಿಯ ಸರದಿ ಬಂತು. ಇಳಿಯಲು ಅವಳಿಗೂ ಮೆಟ್ಟಿಲು ಬೇಕಲ್ಲ, ಅದಕ್ಕೆ ಮಲಿಕಜಾನ ಬೆಳಗಾಗುವಾಗಲೇ ಬಾವಡಿಯನ್ನು ಅವಳಿಗೆ ಹೇಳಿ ಮುಗಿಸಿದ್ದ. ಅವಳು ಸಾಹೇಬರನ್ನು ಬೇವಿನ ನೆರಳಿಗೆ ಕರೆದು, ಒಂದು ಲೋಟ ನೀರು ಕೊಟ್ಟು, ಬಾವಡಿಗೆ ಬೆನ್ನು ಮಾಡಿ ನಿಂತಳು. ಉಳಿದ ಐವರೂ ಕಲ್ಲು ನೋಡುತ್ತಾ ಹೇಳಿದ್ದರು. ಇವಳು ನೋಡಿದ್ದು ಸಾಹೇಬರ ಮುಖವನ್ನು.

‘ಸಾಹೇಬ್ರ, ನಿಮ್ಮ ಬಲಗಾಲ ಮುಂದ ಒಂದ ಮೆಟ್ಟಲಾ ಐತಿ. ಕರೀ ಕಲ್ಲು. ಎರಡೂ ತುದಿ ಗಟ್ಟಿ ಅದಾವು, ನಡುವ ಸವದೈತಿ. ಕೊಡಾ ಹೊತ್ತಾಕಿ ಯಾವಾಗೂ ನಡುವ ನಡೀತಾಳ್ರಿ, ಅಂಚಿಗೆ ಹೋಗಂಗಿಲ್ಲ.’

ಸಾಹೇಬರು ನೆಲವನ್ನೇ ನೋಡಿದರು. ಜಾಲಿಯ ಬಯಲನ್ನು ನೋಡುವ ನೋಟ ನನಗೆ ಗೊತ್ತು, ಅದು ಎಲ್ಲೂ ನಿಲ್ಲುವುದಿಲ್ಲ. ಇದು ನಿಂತಿತು. ಬಲಗಾಲು ಎತ್ತಿ, ಒಂದು ಗೇಣು ಕೆಳಗೆ, ಮೆಟ್ಟಿಲ ನಡುವೆ, ಸವೆದ ಜಾಗದಲ್ಲೇ ಇಟ್ಟರು.

‘ಬಂತಲ್ಲ!’ ಎಂದು ಮಲಿಕಜಾನ ಚೀರಿದ. ಹೆಂಗಸರು ಚಪ್ಪಾಳೆ ಹೊಡೆದರು. ನಾಗವೇಣಿ ಮಾತು ನಿಲ್ಲಿಸಲಿಲ್ಲ. ಎರಡನೇ ಮೆಟ್ಟಿಲು, ಮೂರನೆಯದು, ಎಡಗಡೆಯ ಗೋಡೆ, ಕೈ ಹಿಡಿಯಲು ಗೋಡೆಯಲ್ಲಿ ಕೊರೆದ ಪಟ್ಟಿ. ಸಾಹೇಬರು ಆ ಪಟ್ಟಿ ಹಿಡಿದುಕೊಂಡೇ ಇಳಿದರು. ಮಾಸ್ತರರು ಕೋಲೂರುತ್ತಾ ಹಿಂದೆ ಬಂದರು. ಒಂದೂ ತಪ್ಪು ಸಿಗದೆ, ಕಡೆಗೆ ತಮಗೇ ತಿಳಿಯದೆ ತಲೆದೂಗತೊಡಗಿದ್ದರು.

ಮೂರನೇ ಹಂತದಲ್ಲಿ ನೀರಿನ ಕಡೆಯ ಗೋಡೆಯ ಉದ್ದಕ್ಕೂ ಹನ್ನೆರಡು ಚೌಕ ತೂತುಗಳಿವೆ. ಅವು ದೀಪದ ಗೂಡುಗಳು. ಮಾಸ್ತರರು ನಲವತ್ತು ವರ್ಷದಿಂದ ಹಾಗೇ ಹೇಳಿದ್ದಾರೆ, ಅವರ ಗುರುಗಳೂ ಹಾಗೇ ಹೇಳಿದ್ದರಂತೆ, ನಾನೂ ಹುಡುಗರಿಗೆ ಹಾಗೇ ಕಲಿಸಿದ್ದೆ. ನಾಗವೇಣಿ ಅಲ್ಲಿ ನಿಂತು ತೂತುಗಳ ಕಡೆ ಬೆರಳು ತೋರಿಸಿದಳು.

‘ಇವು ತೊಲಿ ಕೂಡಸೂ ತೂತು ರೀ ಸಾಹೇಬ್ರ. ಹನ್ನೆರಡ ತೊಲಿ, ಸಾಗವಾನಿವು, ಗ್ವಾಡಿಯೊಳಗಿಂದ ನೀರಿನ ಮ್ಯಾಲ ಚಾಚ್ಯಾವು. ಒಂದೊಂದೂ ಎತ್ತಿನ ಬೆನ್ನಷ್ಟ ದಪ್ಪ. ಅದರ ಮ್ಯಾಲ ಹಲಗಿ ಬಡದಾರ. ಸುತ್ತ ಎದಿ ಮಟ್ಟ ಕಟಕಟಿ, ಹಸಿರ ಬಣ್ಣ ಹಚ್ಯಾರ. ಕಟಕಟಿಗೆ ಹತ್ತಿ ಕೂಡಾಕ ಮಣಿ. ಬ್ಯಾಸಗಿ ಮಧ್ಯಾಹ್ನ ಊರ ಹೆಣ್ಣಮಕ್ಕಳು ಇದ ಪಡಸಾಲ್ಯಾಗ ಕುಂತು ಶಾವಿಗಿ ಹೊಸೀತಿದ್ರು. ಹಲಗಿ ಸಂದಿನಾಗಿಂದ ನೀರಿನ ತಂಪ ಮ್ಯಾಲ ಬರ್ತೈತಿ, ನೋಡ್ರಿ.’

‘ನಿಲ್ಲಸು!’ ಮಾಸ್ತರರು ಕೋಲು ಕಲ್ಲಿಗೆ ಕುಟ್ಟಿದರು. ‘ಎಲ್ಲಿ ಪಡಸಾಲಿ? ಎಲ್ಲಿ ತೊಲಿ? ಇಲ್ಲದ್ದ ಹೇಳಿದಿ. ಮುಗೀತು.’

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಹಿಂದೆ ನೋಡುತ್ತಿದ್ದಳು. ಮೆಟ್ಟಿಲ ಮೇಲಿದ್ದ ಯಾರೋ ಕಿಟ್ಟನೆ ಕಿರುಚಿದರು. ತಿರುಗಿದೆ. ಲೋಬೊ ಸಾಹೇಬರು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಆಚೆ, ನೀರಿನಿಂದ ಮೂವತ್ತು ಅಡಿ ಮೇಲೆ, ಗಾಳಿಯಲ್ಲಿ ನಿಂತಿದ್ದರು. ಮೊಣಕೈ ಎರಡೂ ಯಾವುದರ ಮೇಲೋ ಊರಿ ಕೆಳಗೆ ಬಗ್ಗಿ ನೋಡುತ್ತಿದ್ದರು.

‘ಸಾಹೇಬ್ರ, ಬೀಳ್ತೀರಿ!’ ಎಂದು ಮಾಸ್ತರರು ಕೂಗಿದರು.

‘ಎಂತ ಬೀಳುದು ಮಾರಾಯ್ರೆ? ಕಟಕಟೆ ಉಂಟಲ್ಲ. ಆಹಾ, ಎಂತ ಗಾಳಿ! ಬನ್ನಿ, ನೀವೂ ಬನ್ನಿ.’ ಅವರು ಹಿಂದಕ್ಕೆ ಸರಿದು ಗಾಳಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿದರು.

‘ಆತು, ಕಂಡೈತಿ. ಬಂಗಾರದ ಕಳಸಾನೂ ಕಂಡಿತ್ತು,’ ಎಂದರು ಮಾಸ್ತರರು. ಸಿಟ್ಟಿಗಿಂತ ಹೆಚ್ಚು ಅವರಿಗೆ ಭಯವಾಗಿತ್ತು. ‘ಕಂಡದ್ದೆಲ್ಲಾ ಖರೇ ಅಲ್ಲ. ಕಟ್ಟಳಿ ಅಂದ್ರ ಕಟ್ಟಳಿ. ಹೇಳು ಸಾವಂತ್ರಿ, ನೀನ ಹೇಳು.’

‘ಯಾರ ಹೇಳಿದ್ರವಾ ನಿನಗ ಇದನ್ನ?’ ಎಂದು ನಾಗವೇಣಿಯನ್ನು ಕೇಳಿದೆ.

‘ಅತ್ತಿ ರೀ. ಆಕಿಗೆ ಆಕಿ ಅತ್ತಿ ಹೇಳಿದ್ದಳಂತ. ಆ ಮುದುಕಿ ನನ್ನಂಗ ಹೊರಗಿನಾಕಿ. ನಮ್ಮ ಮನಿಯಾಗ ಸೊಸಿಯಾಗಿ ಬಂದಾವ್ರೆಲ್ಲಾ ಹಿಂಗ ಕೇಳಿ ಕೇಳಿ...’ ಅವಳು ಅಳತೊಡಗಿದಳು. ‘ಸುಳ್ಳ ಹೇಳಾಕ ಬರಲಿಲ್ರಿ ನಾ.’

ಅವಳ ಕಣ್ಣೀರಿಗೆ ಬಿಲ್ಲೆ ಕೊಡಲು ಆಗುತ್ತಿರಲಿಲ್ಲ. ನಾನು ಸೆರಗು ಸಿಕ್ಕಿಸಿ, ಗೋಡೆಯ ಅಂಚಿಗೆ ಹೋಗಿ, ಮೊದಲ ತೂತಿನ ಮೇಲ್ಭಾಗಕ್ಕೆ ಬೆರಳು ಉಜ್ಜಿದೆ. ಬರೀ ಧೂಳು. ಎರಡನೆಯದು, ಮೂರನೆಯದು, ಹಾಗೇ ಹನ್ನೆರಡೂ ನೋಡಿದೆ. ಐವತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಮಸಿ ಗೊತ್ತಿದೆ. ದೀಪ ಉರಿದ ಕಲ್ಲನ್ನು ನೂರು ಮಳೆಗಾಲ ತೊಳೆದರೂ ಮಸಿ ಅದರ ರಂಧ್ರ ಬಿಡುವುದಿಲ್ಲ. ಈ ಕಲ್ಲು ಒಂದು ದಿನವೂ ದೀಪ ನೋಡಿಲ್ಲ. ಕೊನೆಯ ತೂತಿನಲ್ಲಿ ಕೈಯನ್ನು ಹೆಗಲ ತನಕ ತೂರಿಸಿದೆ. ದೀಪ ಇಡುವುದಕ್ಕೆ ಅಷ್ಟು ಆಳ ಯಾಕೆ ಬೇಕು? ತುದಿಯಲ್ಲಿ ಏನೋ ಹತ್ತಿತು. ಎಳೆದರೆ ಒಂದು ಚೂರು ಕಟ್ಟಿಗೆ ಬಂತು, ಹೊರಗೆ ಬೂದಿಯ ಹಾಗೆ, ಉಗುರಿನಿಂದ ಕೆರೆದರೆ ಒಳಗೆ ಕೆಂಪು. ಮೂಸಿ ನೋಡಿ ಮಾಸ್ತರರ ಕೈಯಲ್ಲಿಟ್ಟೆ. ಅವರೂ ಮೂಸಿದರು.

‘ಸಾಗವಾನಿ,’ ಎಂದರು.

ನನಗೆ ಆಗ ಹೊಳೆಯಿತು. ಪಡಸಾಲೆ ಯಾವ ಕಾಲಕ್ಕೋ ಕಳಚಿ ನೀರಿಗೆ ಬಿದ್ದಿದೆ. ಬಿದ್ದ ದಿನ ನಮ್ಮ ಹಿರಿಯರು ಅಯ್ಯೋ ಎಂದಿರಬೇಕು. ಅವರ ಮಕ್ಕಳು ಕಣ್ಣಿಗೆ ಕಂಡಷ್ಟನ್ನೇ ಊರು ಎಂದುಕೊಂಡರು, ಉಳಿದ ತೂತುಗಳಿಗೆ ದೀಪದ ಗೂಡು ಎಂದು ಹೆಸರಿಟ್ಟರು. ಕೋಟೆ ಕಾಣದ ಸೊಸೆಯಂದಿರು ಬಂದ ಮನೆಯಲ್ಲಿ ಮಾತ್ರ ಕೇಳಿದ್ದನ್ನು ಕೇಳಿದ ಹಾಗೇ ಕಾಪಾಡಿ ಒಬ್ಬರ ಮಡಿಲಿಗೊಬ್ಬರು ಹಾಕಿದ್ದಾರೆ.

‘ನಲವತ್ತ ವರ್ಷ ದೀಪ ಅಂತ ಹೇಳೀನಿ,’ ಎಂದರು ಮಾಸ್ತರರು. ‘ಎಷ್ಟ ಮಂದಿಗೆ ದೀಪ ತೋರಿಸಿ ಕಳಿಸೀನಿ ನಾ.’

‘ಬೆಳಕರೆ ಚಲೋ ಇತ್ತಲ್ರಿ ಮಾಸ್ತರ,’ ಎಂದ ಮಲಿಕಜಾನ.

ಮಾಸ್ತರರು ಅವನ ಕಡೆ ಕೋಲು ಎತ್ತಿದರು. ಎತ್ತಿದವರು ನಕ್ಕುಬಿಟ್ಟರು. ನಾನು ಅಷ್ಟು ವರ್ಷದಲ್ಲಿ ಅವರ ಹಿಂದಿನ ಹಲ್ಲು ನೋಡಿದ್ದು ಅಂದೇ. ನಾಗವೇಣಿಯ ಕಡೆ ತಿರುಗಿ, ‘ನೀ ಹೇಳುವಾಗ ನಾನೂ ಇಲ್ಲೇ ನಿಂತಿದ್ನೆಲ್ಲವಾ, ನನಗ ಯಾಕ ಕಾಣಲಿಲ್ಲ?’ ಎಂದರು.

‘ನಾವ ತಪ್ಪ ಹುಡಕಾಕ ಕೇಳಿದ್ವಿ ಮಾಸ್ತರ,’ ಎಂದೆ ನಾನು. ‘ನೋಡಾಕ ಕೇಳಲಿಲ್ಲ. ನಾಗವೇಣಿ, ಇನ್ನೊಮ್ಮೆ ಹೇಳವಾ. ನಮಗ ಹೇಳು.’

ಅವಳು ಕಣ್ಣು ಒರೆಸಿಕೊಂಡು ನಮ್ಮಿಬ್ಬರನ್ನೂ ಪಕ್ಕಕ್ಕೆ ನಿಲ್ಲಿಸಿದಳು. ಮೊದಲು ತೊಲೆಗಳನ್ನು ಹೇಳಿದಳು. ಹುಟ್ಟಿದಾಗಿನಿಂದ ಈ ಊರಲ್ಲಿ ನನಗೆ ಯಾರೂ ಏನನ್ನೂ ತೋರಿಸಿರಲಿಲ್ಲ, ಆದ್ದರಿಂದ ಅದು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಸಿವಾದಾಗ ಒಗ್ಗರಣೆಯ ವಾಸನೆ ಬಂದ ಹಾಗೆ ಮೊದಲು ಒಂದು ಸುಳಿವು ಬಂತು, ಹಿಂದೆಯೇ ಎಣ್ಣೆ ಹಚ್ಚಿದ ಹನ್ನೆರಡು ತೊಲೆಗಳು ನೀರಿನ ಮೇಲೆ ಸಾಲಾಗಿ ಚಾಚಿದವು. ಹಲಗೆ ಬಂತು. ಹಸಿರು ಕಟಕಟೆ ಬಂತು. ಮಣೆಯ ಮೇಲೆ ಸಾಹೇಬರು ಕಾಲು ಅಲ್ಲಾಡಿಸುತ್ತಾ ಕೂತಿದ್ದರು. ಮಾಸ್ತರರು ಕೋಲಿನಿಂದ ಹಲಗೆಯನ್ನು ಕುಟ್ಟಿದರು. ಟಕ್ಕೆಂದಿತು. ‘ಎಲ್ಲಿ ನಿಂದರ್ಲಿ?’ ಎಂದು ಅವಳನ್ನು ಕೇಳಿದರು, ಬಸ್ಸಿನಿಂದ ಇಳಿದ ಮುದುಕರು ಅವರನ್ನು ಕೇಳುತ್ತಿದ್ದ ಹಾಗೆಯೇ.

ನಾವು ಹೋಗಿ ಕೂತೆವು. ಕೆಳಗಿನಿಂದ ತಂಪು ಪಾದಕ್ಕೆ ಬಂತು. ನಾಗವೇಣಿ ಗೋಡೆಯ ಬಳಿಯೇ ನಿಂತಿದ್ದಳು.

‘ಬಾರವಾ.’

‘ಹೆಂಗ ಬರ್ಲಿ ಯವ್ವಾ? ನನಗೆಲ್ಲಿ ಕಾಣತೈತಿ? ನೀವ ಮೂರೂ ಮಂದಿ ಗಾಳ್ಯಾಗ ಕುಂತೀರಿ.’

ನಾನು ಎದ್ದು ಹೋಗಿ, ಅವಳ ಎದುರು ನಿಂತು, ಅವಳ ಕಣ್ಣು ನೋಡುತ್ತಾ, ಅವಳು ಹೇಳಿದ್ದನ್ನೇ ಅವಳಿಗೆ ಹೇಳಿದೆ. ಅವಸರ ಮಾಡಲಿಲ್ಲ. ತೊಲೆ, ಹಲಗೆ, ಹಲಗೆಯ ಮೊಳೆ, ಕಟಕಟೆ, ಮಣೆ. ಹಸಿರು ಹೇಳುವಾಗ ಅವಳ ಕಣ್ಣು ಅಗಲವಾಯಿತು. ಕೈ ಚಾಚಿ ಕಟಕಟೆ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಒಂದು ಕಾಲು ಇಟ್ಟಳು. ಎರಡೂ ಕಾಲು ಇಟ್ಟು ಹಲಗೆಯ ಮೇಲೆ ಒಮ್ಮೆ ಕುಣಿದೇ ನೋಡಿದಳು.

‘ಇಷ್ಟ ಸಣ್ಣದೇನ್ರಿ ಇದು?’ ಎಂದಳು. ‘ಅತ್ತಿ ಹೇಳೂದ ಕೇಳಿ ನಾ ಅರ್ಧಾ ಊರ ಹಿಡಸ್ತೈತಿ ಅಂದ್ಕೊಂಡಿದ್ನಿ!’

ಸಾಹೇಬರು ನಗುತ್ತಲೇ ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದರು. ಕೊಡುವ ಮೊದಲು ಮಾಸ್ತರರ ಕಡೆ ನೋಡಿದರು. ಮಾಸ್ತರರು ಅದನ್ನು ಇಸಿದುಕೊಂಡು, ತಮ್ಮ ಧೋತರದ ಅಂಚಿನಿಂದ ಉಜ್ಜಿ, ಎದ್ದು ನಿಂತು ಅವಳ ಕೈಯಲ್ಲಿಟ್ಟರು. ‘ನಾಳಿಂದ ನನಗೊಂದ ತಾಸು ಬೇಕವಾ ನಿನ್ನ ಕಡೆ,’ ಎಂದರು. ‘ನಿಮ್ಮತ್ತಿ ಇನ್ನೂ ಏನೇನ ಹೇಳ್ಯಾಳೋ, ಎಲ್ಲಾ ಬೇಕು.’

ಅಷ್ಟರಲ್ಲಿ ಮೆಟ್ಟಿಲ ಮೇಲೆ ಗದ್ದಲವೆದ್ದಿತು. ಅಲ್ಲಿದ್ದವರಿಗೆ ನಾಲ್ಕು ಜನ ಗಾಳಿಯಲ್ಲಿ ಕೂತು ಹರಟೆ ಹೊಡೆಯುವುದು ಕಾಣುತ್ತಿತ್ತೇ ಹೊರತು ಬೇರೇನೂ ಇಲ್ಲ.

‘ಏ ನಾಗವೇಣಿ, ಅವ್ರಿಗಷ್ಟ ಹೇಳಿದ್ರ ಆತೇನ?’ ಎಂದು ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು. ‘ನಾವೇನ ಪಾಪ ಮಾಡೇವಿ?’

‘ನನ್ನ ಮದಲ ಕೂಡಸ್ರಿ ಅಕ್ಕಾರ,’ ಎಂದು ಮಲಿಕಜಾನ ಜನರ ನಡುವೆ ನುಗ್ಗಿದ. ‘ನಾ ದಿನಾ ಮುಂಜಾನೆ ನಿಮಗ ಹೇಳಾಂವ!’

ನಾಗವೇಣಿ ಬಿಲ್ಲೆಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದು, ಗೋಡೆಯ ಬಳಿ ಹೋಗಿ ನಿಂತಳು. ಆ ಬಾವಡಿಯ ನೀರು ಕುಡಿದೇ ಬೆಳೆದ ಎಪ್ಪತ್ತು ಎಂಬತ್ತು ಜನ ಮೆಟ್ಟಿಲ ಮೇಲೆ ಅವಳ ಕಡೆ ತಿರುಗಿದರು. ಅವಳು ಒಬ್ಬೊಬ್ಬರ ಮುಖವನ್ನೂ ಒಮ್ಮೆ ನೋಡಿ, ಹಿಂದಿನ ಸಾಲಿನವರಿಗೂ ಕೇಳುವಂತೆ ಶುರು ಮಾಡಿದಳು.